ಎಕರೆಗೆ ಎಂಟು ಪಲ್ಲ

ಸಂಶೋಧನೆ ಮಾಡುವ ಆಸೆ ಯಾರಿಗಾದರೂ ಇದ್ದರೆ ಮೊದಲು ನನ್ನನ್ನು ಕೇಳಿ. ದನದ ವ್ಯಾಪಾರ ಮಾಡಿ ಸ್ವಂತ ಬುದ್ಧಿಯಿಂದ ಮೇಲೆ ಬಂದವನಿಗೆ ಅದೇನು ಮಹಾ ಕೆಲಸ ಎಂದು ನಾನೂ ಧೈರ್ಯವಾಗಿದ್ದೆ. ಬೆಂಗಳೂರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಮೇಷ್ಟರೊಬ್ಬರು ತಮ್ಮ ಹೊಲಕ್ಕೆ ಎತ್ತು ಕೊಳ್ಳಲು ಬಂದವರು, ನನ್ನ ಮಾತಿಗೆ ಮರುಳಾಗಿ, ತಾವು ಹೊರತರುವ ಪತ್ರಿಕೆಗೆ ನಮ್ಮೂರಿನ ಆರ್ಥಿಕ ಜೀವನವನ್ನು ವಿಚಾರಿಸಿ ಬರೆದುಕೊಡಿ ಎಂದರು.

ಮನೆಮನೆಗೂ ಹೋದೆ. ರಾಗಿ ಎಕರೆಗೆ ನಾಲ್ಕು ಪಲ್ಲ ಎಂದರು. ನಾನು ಎಂಟು ಎಂದು ಬರೆದೆ. ಎತ್ತಿಗೆ ನಾವು ಮೊದಲು ಹೇಳುವ ಬೆಲೆಯನ್ನೇ ಯಾರಾದರೂ ಕೊಟ್ಟದ್ದುಂಟೆ? ಮೇಷ್ಟರು ಅರ್ಧ ಕಡಿಯುತ್ತಾರೆ, ನಾಲ್ಕಕ್ಕೆ ಬಂದು ನಿಲ್ಲುತ್ತದೆ ಎಂಬುದು ನನ್ನ ಅಂದಾಜು.

ಮೇಷ್ಟರು ಚೌಕಾಸಿಯನ್ನೇ ಮಾಡಲಿಲ್ಲ! ಕಾಗುಣಿತ ತಿದ್ದಿ, ಎಂಟನ್ನು ಎಂಟಾಗಿಯೇ ಅಚ್ಚು ಹಾಕಿಸಿದರು.

ಅದು ಯುದ್ಧದ ಕಾಲ. ಬೆಳೆಗೆ ತಕ್ಕಂತೆ ಸರ್ಕಾರಕ್ಕೆ ಲೆವಿ ರಾಗಿ ಅಳೆಯಬೇಕಿತ್ತು. ಒಂದು ದಿನ ಶಾನುಭೋಗರು ಬಂದು, ಅಮಲ್ದಾರರು ನಿಮ್ಮ ಲೇಖನವನ್ನು ಬಹಳ ಮೆಚ್ಚಿ ಊರಿನ ಲೆವಿಯನ್ನು ಎರಡರಷ್ಟು ಮಾಡಿದ್ದಾರೆ ಎಂದರು. ಅಷ್ಟು ಅಳೆದರೆ ಯುಗಾದಿಯ ಹೊತ್ತಿಗೆ ಊರಿನ ಹಗೇವುಗಳಲ್ಲಿ ಇಲಿಗೂ ಕಾಳಿರುವುದಿಲ್ಲ.

ಊರಿನವರು ಹೊಡೆಯಲಿಲ್ಲ. ನಾನು ಹೋದಲ್ಲೆಲ್ಲ ಮಾತು ನಿಲ್ಲಿಸಿದರು. ಹೊಡೆದಿದ್ದರೇ ವಾಸಿಯಿತ್ತು.

"ಅಲ್ಲಾ, ಕೊಳ್ಳೋರೇ ಇಲ್ದಿರೋ ಕಡೆ ಹೋಗಿ ಬೆಲೆ ಏರ್ಸಿದ್ರಲ್ಲಾ," ಎಂದಳು ಹೆಂಡತಿ. "ನೀವು ಜಾಣರು ಅಂತ ಹೇಳೇ ನಮ್ಮಪ್ಪ ನನ್ನ ಕೊಟ್ಬಿಟ್ರು."

ಬೆಂಗಳೂರಿಗೆ ಓಡಿದೆ. ತಿದ್ದುಪಡಿ ಹಾಕೋಣ, ಆದರೆ ಮುಂದಿನ ಸಂಚಿಕೆ ಮೂರು ತಿಂಗಳಿಗೆ ಎಂದರು ಮೇಷ್ಟರು. ಲೆವಿ ಅಳೆಯುವುದು ಸೋಮವಾರ! ಅಲ್ಲಿಂದ ನೇರ ದೇವನಹಳ್ಳಿಯ ತಾಲ್ಲೂಕು ಕಚೇರಿಗೆ ಬಂದು ಅಮಲ್ದಾರರ ಮುಂದೆ ಕೈಕಟ್ಟಿ ನಿಂತೆ.

"ಸ್ವಾಮಿ, ಎಂಟು ಬೇಡ, ಐದು ಅಂತ ಮಾಡ್ಕೊಳ್ಳಿ," ಎಂದೆ. ಅಭ್ಯಾಸ ಬಲ. ಇದನ್ನು ಯಾರೂ ಅನುಕರಿಸಬೇಡಿ.

ಅವರು ಕನ್ನಡಕ ತೆಗೆದರು. "ನೋಡಪ್ಪಾ, ಅಚ್ಚಾಗಿರೋದು ನಿಜವೋ ಸುಳ್ಳೋ? ಸುಳ್ಳಾದ್ರೆ ಬರ್ದು ರುಜು ಹಾಕು. ಚಾವಡೀಲಿ ಓದಿಸ್ತೀನಿ."

ಬರೆದೆ: 'ಸದರಿ ಲೇಖನವು ನನ್ನ ಕಲ್ಪನೆ. ನನಗೆ ಬೇಸಾಯದ ಗಂಧವೂ ಇಲ್ಲ. ನನ್ನ ಮಾತನ್ನು ಯಾರೂ ನಂಬತಕ್ಕದ್ದಲ್ಲ.'

ಸೋಮವಾರ ಚಾವಡಿಯಲ್ಲಿ ಊರಿಗೆ ಊರೇ ಸೇರಿತ್ತು. ಶಾನುಭೋಗರು ಅದನ್ನು ಗಟ್ಟಿಯಾಗಿ ಓದಿ, ಲೆವಿ ಮೊದಲಿನಷ್ಟೇ ಎಂದು ಸಾರಿದರು. ಯಾರಾದರೊಬ್ಬರು ಎದ್ದು, ಛೆ, ಇವನು ಅಷ್ಟೊಂದು ದಡ್ಡನಲ್ಲ ಎನ್ನಬಹುದೆಂದು ತಲೆ ತಗ್ಗಿಸಿ ಕಾದೆ.

ಕೊನೆಗೆ ಪಟೇಲರು ಎದ್ದರು.

"ಶಾನುಭೋಗ್ರೇ, ಹಿಂದೆ ಕೂತೋರ್ಗೆ ಸರ್ಯಾಗಿ ಕೇಳಿಸ್ಲಿಲ್ವಂತೆ. ಇನ್ನೊಂದ್ಸಲ ಓದಿ."