ಹಿತ್ತಲ ಬಾಗಿಲಿನಿಂದ ದಯಮಾಡಿಸಿ, ಪಯೋಸಿನ್ ಅವರೇ

ಕೊಲ್ಹಾಪುರದ ಪ್ರಯೋಗಾಲಯವೊಂದರ ಫ್ರಿಜ್ಜಿನಲ್ಲಿ ತಣ್ಣಗೆ ವಾಸವಾಗಿರುವ ಮಾನ್ಯರೇ,

ದಾನೋಳಿಯ ಪದ್ಮಕುಮಾರನ ಜಯಜಿನೇಂದ್ರಗಳು. ತಾವು ಕಣ್ಣಿಗೆ ಕಾಣದವರಾದ್ದರಿಂದ ಯಾವ ದಿಕ್ಕಿಗೆ ಕೈಮುಗಿಯಬೇಕೆಂದು ತಿಳಿಯದೆ ನಾಲ್ಕೂ ದಿಕ್ಕಿಗೆ ಮುಗಿದಿದ್ದೇನೆ.

ತಮ್ಮ ಕೀರ್ತಿಯನ್ನು ನನಗೆ ತಿಳಿಸಿದವಳು ಅಲ್ಲಿಯೇ ಸೂಕ್ಷ್ಮಜೀವಿಗಳ ಬಗ್ಗೆ ಓದುತ್ತಿರುವ ಮಗಳು ಋತುಜಾ. ತಾವು ಬರಿಯ ಪ್ರೋಟೀನಿನ ಯಂತ್ರವಂತೆ. ಬ್ಯಾಕ್ಟೀರಿಯಾವೊಂದು ತನ್ನ ಒಡಲಲ್ಲೇ ತಮ್ಮ ಅಡಿಹಲಗೆ ಜೋಡಿಸಿ, ಅದರ ಮೇಲೆ ಕೊಳವೆ ಎಬ್ಬಿಸಿ, ಸುತ್ತಲೂ ಎಳೆದಿಟ್ಟ ಸ್ಪ್ರಿಂಗಿನಂಥ ಒರೆ ತೊಡಿಸಿ, ಕೊನೆಗೆ ತಾನೇ ಒಡೆದು ಸತ್ತು ತಮ್ಮನ್ನು ಹೊರಬಿಡುತ್ತದಂತೆ. ತಾವು ಕಾಲಿನ ಎಳೆಗಳಿಂದ ತಡವಿ, ಗುರುತು ಹತ್ತಿದ ಬ್ಯಾಕ್ಟೀರಿಯಾದ ಮೇಲೆ ಕೂತು, ಒರೆ ಕುಗ್ಗಿಸಿ ಕೊಳವೆ ಚುಚ್ಚಿದರೆ ಅದರ ಜೀವಶಕ್ತಿಯೆಲ್ಲ ಸೋರಿಹೋಗುತ್ತದಂತೆ. ಕರೆಂಟು ಹೋದರೆ ಇಚಲಕರಂಜಿಯ ಮಗ್ಗಗಳು ಸುಮ್ಮನಾಗುತ್ತವೆ. ತಮಗೆ ಕರೆಂಟೂ ಬೇಡ, ಕಾಮಗಾರನೂ ಬೇಡ. ಅದೂ ಹೆತ್ತವಳ ದಾಯಾದಿಗಳನ್ನೇ ಹುಡುಕಿ ಕೊಲ್ಲುವಿರಂತೆ. ಬದುವಿನ ಜಗಳದಲ್ಲಿ ನಮ್ಮನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆವು, ಸೋತೆವು.

ಈಗ ದೂರು. ಸಕ್ಕರೆ ಕಾಯಿಲೆಯ ನನ್ನ ತಾಯಿ ಶಾಲನ ಅವರ ಕಾಲ್ಬೆರಳಿನ ಗಾಯದಲ್ಲಿ ತಮ್ಮ ಆ ದಾಯಾದಿಗಳೇ ಸಂಸಾರ ಹೂಡಿದ್ದಾರೆ. ಯಾವ ಮಾತ್ರೆಗೂ ಜಗ್ಗುತ್ತಿಲ್ಲ. ಸೋಮವಾರ ಬೆರಳು ತೆಗೆಯುವುದೆಂದು ಜಯಸಿಂಗಪುರದ ಡಾಕ್ಟರು ಹೇಳಿದ್ದಾರೆ. ತಾವೋ ಇನ್ನೂ ಔಷಧವಾಗಿಲ್ಲ, ಸಂಶೋಧನೆಯಲ್ಲೇ ಸುಖವಾಗಿದ್ದೀರಿ. ಆದ್ದರಿಂದ ತಾವು ಭಾನುವಾರದ ಎಸ್‌ಟಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು, ಬಾಕಿಯಿರುವ ಪರೀಕ್ಷೆಗಳನ್ನೆಲ್ಲ ದಾರಿಯಲ್ಲೇ ಮುಗಿಸಿಕೊಂಡು ಬರಬೇಕಾಗಿ ವಿನಂತಿ. ನಮ್ಮದು ನೀರನ್ನೂ ಸೋಸಿ ಕುಡಿಯುವ ಮನೆ. ಕೋಟಿಗಟ್ಟಲೆ ಜೀವ ತೆಗೆಯಲು ಬರುವವರು ದಯವಿಟ್ಟು ಹಿತ್ತಲ ಬಾಗಿಲಿನಿಂದ ಬರಬೇಕು.

ತಾಯಿಗೆ ತಮ್ಮ ವಿಷಯ ಹೇಳಿದೆ. "ಬೆರಳ ಹೋದ್ರ ಹೋಗ್ಲಿ ಬಿಡೋ, ಹಂತಾ ಪಾಪದ ಮಶೀನ ಮನಿಗೆ ತರಬ್ಯಾಡ. ಬಸದಿ ಮೆಟ್ಟಲಾ ಹತ್ತಾಕ ಒಂಬತ್ತ ಬೆರಳ ಸಾಕು" ಎಂದರು. ನನಗೆ ಸಾಕಾಗುವುದಿಲ್ಲ, ಮಾನ್ಯರೇ. ಇವತ್ತು ಬೆರಳು, ನಾಳೆ ಪಾದ ಎಂದು ನನಗೆ ಭಾರೀ ಹೆದರಿಕೆಯಾಗಿದೆ.

ಉತ್ತರ ಬರೆಯಲು ಕೈಯಿಲ್ಲದ ತಮ್ಮ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ
ಪದ್ಮಕುಮಾರ

ತಾ.ಕ.: ಮೊದಲ ಸಲ ಡಾಕ್ಟರು ದಿನಕ್ಕೆ ಮೂರು ಮಾತ್ರೆ ಬರೆದಿದ್ದರು. ಹೊತ್ತು ಮುಳುಗಿದ ಮೇಲೆ ಏನನ್ನೂ ಬಾಯಿಗೆ ಹಾಕದ ತಾಯಿ ರಾತ್ರಿಯದನ್ನು ಒಂದು ದಿನವೂ ನುಂಗಲಿಲ್ಲ. ಅರೆಮದ್ದಿನಲ್ಲಿ ಬದುಕುಳಿದ ತಮ್ಮ ದಾಯಾದಿಗಳು ಮಾತ್ರೆಗೆ ಜಗ್ಗದಷ್ಟು ಗಟ್ಟಿಯಾದರು. ಡಾಕ್ಟರು ಕೇಳಿದಾಗ, "ಎಲ್ಲಾ ಬರೋಬ್ಬರಿ ತಗೊಂಡಾರ್ರಿ" ಎಂದವನು ನಾನೇ. ನಿನ್ನೆ ಅವರ ಮುಂದೆ ನಿಜ ಒಪ್ಪಿಕೊಂಡೆ. "ಆವಾಗ ಹೇಳಿದ್ರ ಹಗಲಿಗೇ ಮುಗಿಯೂ ಔಷಧ ಬರದ ಕೊಡ್ತಿದ್ನೆಲ್ರಿ" ಎಂದರು. ಒಂದು ಚುಚ್ಚಿಗೆ ಒಂದು ಜೀವ ಎಂಬುದು ತಮ್ಮ ಹೆಗ್ಗಳಿಕೆಯಂತೆ. ನನ್ನದು, ಒಂದು ಸುಳ್ಳಿಗೆ ಹೆತ್ತವಳ ಒಂದು ಬೆರಳು.