ವೈರಸ್ಸಿಗೂ ಬೇಡವಾದವಳು

ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಎಂಟು ಮನೆ. ಒಂದರಲ್ಲಿ ನಾನೊಬ್ಬಳೇ. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್, ಮದುವೆಯಾಗಿಲ್ಲ, ವಯಸ್ಸು ಐವತ್ತಾರು. ಇಲ್ಲಿಗೆ ಬಂದ ಆರು ವರ್ಷದಲ್ಲಿ ನನ್ನ ಬಾಗಿಲನ್ನು ತಪ್ಪದೆ ತಟ್ಟಿದವನು ಗ್ಯಾಸ್ ಸಿಲಿಂಡರಿನವನು ಮಾತ್ರ.

ಹೀಗಿರುವಾಗ ಪಕ್ಕದ ಮನೆ ವಿಮಲಮ್ಮನವರ ಮೊಮ್ಮಗಳ ನಾಮಕರಣವಾಯಿತು. ಎರಡೇ ದಿನಕ್ಕೆ ವಠಾರಕ್ಕೆ ವಠಾರವೇ ವಾಂತಿ, ಭೇದಿ! ಅದೇ ಪಂಕ್ತಿಯಲ್ಲಿ ಕೂತು ಎರಡು ಸಲ ಪಾಯಸ ಹಾಕಿಸಿಕೊಂಡ ನಾನು ಮಾತ್ರ ಕಲ್ಲುಗುಂಡಿನ ಹಾಗಿದ್ದೆ.

ಎಲ್ಲರಿಗೂ ಔಷಧಿ ಬರೆಸಲು ಹೋದಾಗ ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರನ್ನು ಇದೇಕೆ ಹೀಗೆಂದು ಕೇಳಿದೆ.

"ಇದು ಹೊಟ್ಟೆ ವೈರಸ್ಸು ಮೇಡಂ. ಅದು ಕರುಳನ್ನ ಹಿಡ್ಕೊಳ್ಳೋಕೆ ಅಲ್ಲೊಂದು ಅಂಶ ಬೇಕು. ಕೆಲವರಿಗೆ ಹುಟ್ಟಿನಿಂದ್ಲೇ ಅದಿರಲ್ಲ, ಜೀನ್ಸೇ ಹಾಗೆ. ನೀವೂ ಅಂಥೋರಿರಬಹುದು. ಆದ್ರೆ..."

"ಆದ್ರೆ" ಕೇಳಿಸಿಕೊಳ್ಳಲು ನಾನೆಲ್ಲಿದ್ದೆ? ಆಗಲೇ ಚಪ್ಪಲಿ ಮೆಟ್ಟಿ ರಸ್ತೆಗಿಳಿದಿದ್ದೆ!

ಮೂರು ದಿನ ರಜೆ ಹಾಕಿ, ಗಂಜಿ ಪಾತ್ರೆ ಹಿಡಿದು ಏಳೂ ಮನೆಗೆ ನುಗ್ಗಿದೆ. "ನನಗೇನೂ ಆಗಲ್ಲ, ನನ್ನ ಜೀನ್ಸೇ ಹಾಗೆ" ಎಂದು ಪ್ರತಿ ಮನೆಯಲ್ಲೂ ಘೋಷಿಸಿದೆ.

"ಜೀನ್ಸಾ? ನೀವು ಯಾವಾಗ್ಲೂ ಸೀರೆ ತಾನೇ ಉಡೋದು?" ವಿಮಲಮ್ಮ ಮಲಗಿದಲ್ಲಿಂದಲೇ ಕೇಳಿದರು.

ಮಕ್ಕಳ ಹಣೆ ಮುಟ್ಟಿ ನೋಡಿದೆ. ಯಾರದೋ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕಿದೆ. ನಿಜ ಹೇಳಬೇಕೆಂದರೆ, ಅಷ್ಟು ಸುಖದ ಮೂರು ದಿನ ನಾನು ಕಂಡಿರಲಿಲ್ಲ. ನಾಲ್ಕನೇ ದಿನ ಎಲ್ಲರೂ ಎದ್ದು ಓಡಾಡಿದರು. ನನಗೆ ಸ್ವಲ್ಪ ಬೇಸರವೇ ಆಯಿತು! ಬಾಗಿಲುಗಳು ಮತ್ತೆ ಮುಚ್ಚಿಕೊಂಡವು.

ತಿಂಗಳಾದ ಮೇಲೆ ಒಂದು ಭಾನುವಾರ ಬೆಳಗ್ಗೆ ನನ್ನ ಹೊಟ್ಟೆ ತೊಳಸಿತು. ಹತ್ತು ಗಂಟೆಯೊಳಗೆ ಏಳು ಸಲ! ಗೋಡೆ ಹಿಡಿದು ನಿಂತು ವಿಮಲಮ್ಮನವರಿಗೆ ಫೋನ್ ಮಾಡಿದೆ.

"ವಾಂತಿ ನಿಲ್ತಾನೇ ಇಲ್ಲ ಕಣ್ರೀ, ಸ್ವಲ್ಪ ಬರ್ತೀರಾ?"

"ನಿಮಗಾ? ತಮಾಷೆ ಮಾಡ್ಬೇಡಿ ಮೇಡಂ! ನಿಮಗೆ ಅದೆಲ್ಲ ಬರೋದೇ ಇಲ್ವಲ್ಲ!" ಎಂದು ಮನಸಾರೆ ನಕ್ಕು, ಕುಕ್ಕರ್ ಕೂಗಿತೆಂದು ಫೋನಿಟ್ಟರು.

ನೂರೇ ಹೆಜ್ಜೆ ದೂರದ ಕ್ಲಿನಿಕ್ಕಿಗೆ ಆಟೋ ಹಿಡಿದು ಹೋದೆ.

"ಅವತ್ತು ನಾನು ಹೇಳೋಷ್ಟರಲ್ಲಿ ಹೋಗ್ಬಿಟ್ರಿ" ಎಂದರು ಡಾಕ್ಟರು. "ಇದು ಬೇರೆ ಥರದ ವೈರಸ್ಸಿರಬೇಕು, ಆ ಜೀನ್ಸು ಇದನ್ನ ತಡೆಯಲ್ಲ. ಇರ್ಲಿ, ಮನೇಲಿ ಜೊತೆಗೆ ಯಾರಿದಾರೆ?"

"ಸದ್ಯಕ್ಕೆ ಈ ವೈರಸ್ಸೊಂದೇ, ಡಾಕ್ಟ್ರೇ!"

ಡಾಕ್ಟರು ನಗಲಿಲ್ಲ. ನಾನೊಬ್ಬಳೇ ನಕ್ಕೆ. ಹೊಟ್ಟೆ ಹಿಡಿದುಕೊಂಡಿತು, ನಗುವುದನ್ನೂ ನಿಲ್ಲಿಸಿದೆ.