ಸೋಡಾ ನೀರಿಂದ ತಪ್ಪಿಸಿಕೊಂಡ ರಾಜಹಕ್ಕಿ

ಫೋಟೋ ಅಂಗಡಿ ಇಟ್ಟವನಿಗೆ ಫಜೀತಿಗಳು ಆಗ್ತಾನೇ ಇರ್ತವೆ, ಬೇಡ ಅಂದರೂ ಬಿಡೋದಿಲ್ಲ. ಕೋಲಾರದಲ್ಲಿ ನನ್ನ ಸ್ಟುಡಿಯೋ ಇದ್ದ ಕಾಲಕ್ಕೆ ಗಿರಾಕಿಗಳಿಂದ ಆದವು ಕೆಲವು, ಹೆಂಡತಿಯಿಂದ ಆದವು ಕೆಲವು. ಮಿಕ್ಕವೆಲ್ಲ ಒಂದು ಹಕ್ಕಿಯಿಂದ.

ಅದಕ್ಕೆ ನಾವು ರಾಜಹಕ್ಕಿ ಅಂತಿದ್ದೆವು. ಮೈಯೆಲ್ಲ ಬಿಳುಪು, ತಲೆ ಮಾತ್ರ ಕಪ್ಪು, ಮೊಳದುದ್ದ ಬಾಲ. ಚಳಿಗಾಲದಲ್ಲಿ ಶ್ರೀನಿವಾಸಪುರದ ಮಾವಿನ ತೋಪುಗಳಿಗೆ ಬಂದು, ಕಂಡೂ ಕಾಣದ ಹಾಗೆ ಹೋಗಿಬಿಡ್ತಿತ್ತು. ಒಂದು ಸಲವಾದರೂ ಅದರ ಫೋಟೋ ತೆಗೆದು ಇಟ್ಟುಕೊಳ್ಳಬೇಕು ಅನ್ನೋ ಹುಚ್ಚು ನನಗೆ. ಆಗ ಯುದ್ಧದ ಕಾಲ. ಚಿತ್ರ ಹಿಡಿಯೋ ಗಾಜಿನ ಪ್ಲೇಟು ಸಿಗೋದೇ ಕಷ್ಟ, ಫೋಟೋಗೆ ಕಟ್ಟು ಹಾಕೋ ಗಾಜಂತೂ ಕಣ್ಣಿಗೇ ಬೀಳ್ತಿರಲಿಲ್ಲ. ಹಾಗಾಗಿ ಕೆಟ್ಟುಹೋದ ಪ್ಲೇಟುಗಳನ್ನ ಬಟ್ಟೆ ಒಗೆಯೋ ಸೋಡಾ ಕದಡಿದ ಬಿಸಿ ನೀರಲ್ಲಿ ನೆನೆಸಿ, ಚಿತ್ರ ಉಜ್ಜಿ ತೆಗೆದು, ಆ ಗಾಜನ್ನೇ ಗಿರಾಕಿಗಳ ಫೋಟೋಗೆ ಹಾಕ್ತಿದ್ದೆವು. ತೊಳೆಯೋ ಕೆಲಸವೂ ಕಟ್ಟು ಹಾಕೋ ಕೆಲಸವೂ ನನ್ನ ಹೆಂಡತಿಯದು. "ಈ ಹಕ್ಕಿ ಗಾಜು ತೊಳೀಲಾ?" ಅಂತ ಅವಳು, "ಇರ್ಲಿ ಬಿಡೇ" ಅಂತ ನಾನು. ನಮ್ಮ ಸಂಸಾರದ ಜಗಳವೆಲ್ಲ ಇಷ್ಟೇ.

ಅಲ್ಲಾಡದವನು

ಮೊದಲನೇ ಪ್ಲೇಟು ಹೀಗೆ. ತೋಪಿನ ಕಾವಲುಗಾರ ಮರದ ಕೆಳಗೆ ನಿಂತು, "ಅದೋ ಸಾಮಿ, ಅಲ್ಲಿ" ಅಂತ ಕೊಂಬೆಯತ್ತ ಬೆರಳು ತೋರಿಸಿದ. ರಾಜಹಕ್ಕಿ ಎದುರಿಗೇ ಕೂತಿತ್ತು. ನಾನು ಕ್ಯಾಮೆರಾ ನಿಲ್ಲಿಸಿ, ಕರಿಬಟ್ಟೆಯೊಳಗೆ ತೂರಿ, ಎಲ್ಲ ಸರಿಮಾಡಿಕೊಂಡೆ. ಆಮೇಲೆ ಅಂಗಡಿಯ ಅಭ್ಯಾಸ ನೋಡಿ, ಬಾಯಿಂದ ಬಂದೇಬಿಡ್ತು: "ಅಲ್ಲಾಡ್ಬೇಡಿ. ಇಲ್ಲೇ ನೋಡಿ."

ಹಕ್ಕಿ ಹಾರಿಹೋಯ್ತು. ಪ್ಲೇಟಿನಲ್ಲಿ ಸಿಕ್ಕವನು ಕಾವಲುಗಾರ. ಖಾಲಿ ಕೊಂಬೆಗೆ ಬೆರಳು ತೋರಿಸ್ತಾ ಕಲ್ಲಿನ ಹಾಗೆ ನಿಂತಿದ್ದಾನೆ, ಮೀಸೆಯ ಒಂದೊಂದು ಕೂದಲೂ ಎಣಿಸಬಹುದು.

ಮುಂದಿನ ವಾರ ಅಂಗಡಿಗೇ ಬಂದ. "ಫೋಟೋ ಕೆಟ್ಟೋಯ್ತಪ್ಪ, ಹಕ್ಕಿ ಬಂದಿಲ್ಲ" ಅಂದೆ.

"ಅದು ಮಾತು ಕೇಳೋ ರಕಂ ಅಲ್ಲ ಸಾಮಿ. ನಾನು ಕೇಳ್ದೆ ಅಲ್ವಾ? ನನ್ನ ಫೋಟೋ ಕೊಡಿ."

ಬೀಗರ ಪೇಟ

ಆಮೇಲೆ ಬಾಯಿ ಮುಚ್ಚಿಕೊಂಡು ತೆಗೆಯೋದು ಕಲಿತೆ. ಎರಡು ಪ್ಲೇಟಿನಲ್ಲಿ ಹಕ್ಕಿ ಬಂತು, ಆದರೆ ಪೂರ್ತಿ ಬರಲಿಲ್ಲ. ಒಂದರಲ್ಲಿ ಬಾಲ ಪ್ಲೇಟಿನ ಆಚೆಗೆ ಹೋಗಿತ್ತು. ಇನ್ನೊಂದರಲ್ಲಿ ಬಾಲವೇನೋ ಉದ್ದಕ್ಕೆ ಇದೆ, ಮೈಯೂ ಇದೆ, ತಲೆಯೇ ಇಲ್ಲ. ತಲೆ ಕಪ್ಪು, ಹಿಂದಿನ ನೆರಳೂ ಕಪ್ಪು, ಎರಡೂ ಸೇರಿಹೋಗಿದ್ದವು. ಮೇಲಾಗಿ ಒಂದಿಷ್ಟು ಮಸುಕು, ಹಕ್ಕಿ ಬಂದದ್ದೂ ಒಂದು ಮೂಲೆಯಲ್ಲಿ. ಆದರೂ ಹಾರೋಕೆ ಮೈ ಬಗ್ಗಿಸಿದ ಆ ಗತ್ತು ಅದರಲ್ಲಿತ್ತು. ನನಗೆ ಅದೇ ಪ್ರಾಣ.

"ತಲೆ ಇಲ್ಲದ್ದು ಒಂದು, ಬಾಲ ಇಲ್ಲದ್ದು ಒಂದು. ಇಟ್ಕೊಂಡು ಏನ್ ಮಾಡ್ತೀರಿ?" ಅಂದಳು ಹೆಂಡತಿ. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ಗೊತ್ತಿಲ್ಲದವರು ನೋಡಿ ಇದು ಹಕ್ಕಿ ಅಂದರೆ ಇಟ್ಟುಕೊಳ್ಳೋದು, ಇಲ್ಲದಿದ್ದರೆ ಸೋಡಾ ನೀರು.

ಅಷ್ಟರಲ್ಲಿ ಮಾಲೂರಿಂದ ಮದುವೆ ಫೋಟೋ ತಗೊಂಡು ಹೋಗೋಕೆ ಹೆಣ್ಣಿನ ತಂದೆ ಬಂದರು. ತಲೆ ಇಲ್ಲದ ಹಕ್ಕಿಯನ್ನ ಕಾಗದಕ್ಕೆ ಇಳಿಸಿದ ಅಚ್ಚನ್ನ ಅವರ ಕೈಗೆ ಕೊಟ್ಟು, "ಇದೇನು ಹೇಳಿ ನೋಡೋಣ" ಅಂದೆ. ಕನ್ನಡಕ ಏರಿಸಿ ನೋಡಿದವರ ಮುಖ ಅರಳಿತು.

"ಅಯ್ಯೋ, ನಮ್ಮ ಬೀಗರ ಪೇಟ ಗಾಳಿಗೆ ಹಾರಿದ್ದನ್ನೂ ಬಿಡಲಿಲ್ವಾ ನೀವು? ಇದರದ್ದು ಎರಡು ಕಾಪಿ ಹಾಕಿ."

ಕ್ಯಾಲನೂರಿನ ಕಾಗೆ

ಮಾತು ಮಾತೇ, ಸೋತಿದ್ದೆ. ಆದರೆ ಮನಸ್ಸು ಕೇಳಬೇಕಲ್ಲ? ಬಾಲ ಇಲ್ಲದ್ದನ್ನ ಹೆಂಡತಿಗೆ ಕಾಣದ ಹಾಗೆ ಟ್ರಂಕಿನ ತಳಕ್ಕೆ ಸೇರಿಸಿದೆ. ತಲೆ ಇಲ್ಲದ್ದನ್ನ, ತೊಳೆದಿಟ್ಟ ಗಾಜುಗಳ ನಡುವೆಯೇ ತೂರಿಸಿದೆ. ತೊಳೆದ ಗಾಜನ್ನ ಮತ್ತೆ ಯಾರು ತೊಳೀತಾರೆ ಅಂತ ನನ್ನ ಬುದ್ಧಿವಂತಿಕೆ.

ನಾನು ಮುಳಬಾಗಿಲಿಗೆ ಮದುವೆಗೆ ಹೋಗಿದ್ದಾಗ ಕ್ಯಾಲನೂರಿನ ಒಬ್ಬರು, ತೀರಿಕೊಂಡ ಅಪ್ಪನ ಫೋಟೋಗೆ ಕಟ್ಟು ಹಾಕಿಸೋಕೆ ಬಂದರಂತೆ. ಮುಸ್ಸಂಜೆ, ಇದ್ದಿಲು ಉರಿಸಿ ಓಡೋ ಬಸ್ಸು ಹೊರಡ್ತದೆ ಅಂತ ಅವಸರ. ಹೆಂಡತಿ ಕೈಗೆ ಸಿಕ್ಕ ಗಾಜು ಹಾಕಿ ಕಳಿಸಿದ್ದಾಳೆ. ವಾಪಸ್ಸು ಬಂದು ನೋಡಿದರೆ ನನ್ನ ಹಕ್ಕಿ ಇಲ್ಲ. ಒಂದು ತೊಳೆದ ಗಾಜನ್ನ ಬಟ್ಟೆಯಲ್ಲಿ ಸುತ್ತಿಕೊಂಡು ಸೈಕಲ್ ಹತ್ತಿದೆ.

ಆ ಮನೆಯಲ್ಲಿ ಜನವೋ ಜನ. ಯಜಮಾನರ ಫೋಟೋಗೆ ಹಾರ ಹಾಕಿದ್ದಾರೆ. ಅವರ ಭುಜದ ಮೇಲೆ ನನ್ನ ಹಕ್ಕಿ. ಪ್ಲೇಟಿನಲ್ಲಿ ಎಲ್ಲ ತಿರುಗಾಮುರುಗಾ ನೋಡಿ, ಬಿಳಿಯದು ಕಪ್ಪಾಗ್ತದೆ, ಕಪ್ಪಾಗಿದ್ದುದು ಬರೀ ಗಾಜಾಗಿ ಉಳೀತದೆ. ನನ್ನ ಬಿಳೀ ಹಕ್ಕಿ ಅಲ್ಲಿ ಕರ್ರಗೆ ಕೂತಿತ್ತು.

ಮಗ ನನ್ನ ಕೈ ಹಿಡಕೊಂಡರು. "ತಿಥಿ ದಿನ ಎಡೆ ಇಟ್ಟು ಕಾದಿದ್ದೇ ಬಂತು, ಒಂದು ಕಾಗೆ ಮುಟ್ಟಲಿಲ್ಲ ಸ್ವಾಮಿ. ಅಪ್ಪನಿಗೆ ಏನು ಕೊರಗು ಉಳೀತೋ ಅಂತ ಅಮ್ಮ ಅವತ್ತಿಂದ ಸರಿಯಾಗಿ ಊಟ ಮಾಡಿಲ್ಲ. ಈಗ ನೋಡಿ, ನಿಮ್ಮ ಕಟ್ಟಿನಲ್ಲೇ ಬಂದವ್ರೆ."

ಮೂಲೆಯಲ್ಲಿ ಆ ತಾಯಿ ಮುದ್ದೆ ಮುರೀತಾ ಕೂತಿದ್ದರು. ಅದು ಕಾಗೆಯಲ್ಲ ಅನ್ನೋಕೆ ಬಾಯಿ ತೆರೆದೆ. ಬಂದ ಮಾತು ಬೇರೆ: "ತಲೆ ಕಾಣ್ತಿಲ್ಲವಲ್ಲಮ್ಮ?"

"ಬಗ್ಗಿ ಎಡೆ ತಿಂತಾವ್ರೆ ಕಣಪ್ಪ."

"ಬಾಲ ಸ್ವಲ್ಪ ಉದ್ದ ಆಯ್ತಲ್ಲ?"

"ಅವರು ಯಾವ ಮಾತನ್ನ ಚಿಕ್ಕದಾಗಿ ಮುಗಿಸಿದ್ರು ಹೇಳು?"

ಹಕ್ಕಿ ಚೆನ್ನಾಗಿ ಬಂದಿದ್ದರೆ ಅದನ್ನ ಯಾರೂ ಕಾಗೆ ಅಂತಿರಲಿಲ್ಲ, ಆ ತಾಯಿ ಆವತ್ತು ಉಣ್ಣುತ್ತಲೂ ಇರಲಿಲ್ಲ. ನನಗೂ ಒಂದು ಮುದ್ದೆ ಬಡಿಸಿದರು. ಉಂಡು, ತಂದ ಗಾಜನ್ನ ಹಾಗೇ ಸುತ್ತಿಕೊಂಡು ವಾಪಸ್ಸು ಬಂದೆ. ದಾರಿಯುದ್ದಕ್ಕೂ ಬೇಜಾರಾಯ್ತು, ಇಲ್ಲ ಅನ್ನೋದಿಲ್ಲ. ವಿಷಯ ಕೇಳಿದ ಹೆಂಡತಿಯೂ ಆವತ್ತು ಯಾವ ಗಾಜನ್ನೂ ತೊಳೆಯಲಿಲ್ಲ.

ಕೆಲವು ದಿನ ಕಳೆದು ಅದೇ ಊರಿನ ಇನ್ನೊಬ್ಬರು ಬಂದರು. ಅವರ ಕೈಯಲ್ಲೂ ಅಪ್ಪನ ಫೋಟೋ.

"ಅವರ ಮನೇಗೆ ಹಾಕಿಕೊಟ್ರಲ್ಲ, ಅಂಥದೇ ಕಟ್ಟು ನಮಗೂ ಬೇಕು ಸ್ವಾಮಿ. ಆದರೆ ಬಾಲ ಅಷ್ಟುದ್ದ ಬೇಡ, ನಮ್ಮಪ್ಪ ಮಾತೇ ಆಡ್ತಿರಲಿಲ್ಲ."

ಅವರ ಮಾತು ಮುಗಿಯೋದೇ ತಡ, ಒಳಗಡೆಯಿಂದ ಟ್ರಂಕು ತೆಗೆದ ಸದ್ದು, ಹಿಂದೆಯೇ ಹೆಂಡತಿಯ ದನಿ: "ರೀ, ಬಾಲ ಇಲ್ಲದ್ದು ಒಂದಿದೆ, ತರ್ಲಾ?"